ಒಂದು ಸಣ್ಣ ಪದದ ದೊಡ್ಡ ಸಂಸಾರ



ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದ ನಾನು ಇಂದು ಒಂದು ಇಂಗ್ಲಿಷ್ ಪದವನ್ನು ಕುರಿತು ನಾಲ್ಕು ಮಾತು ಆಡಲು ಹೊರಟಿದ್ದೇನೆ. ತನ್ನ ಮನೆಯ ಅಂಗಳ ಬಿಟ್ಟು ನೆರೆಯವರ ಹಿತ್ತಿಲಿಗೆ ಈ ಮೇಷ್ಟರು ಏಕೆ ಇಣುಕುತ್ತಿದ್ದಾರೆ ಎಂದು ನಿಮಗೆ ಅನ್ನಿಸಿದರೆ ಅದು ಸಹಜವೇ. ಆದರೆ ಆ ಪದದ ದೆಸೆಯಿಂದ ನನ್ನ ಅಧ್ಯಾಪನದ ಆರಂಭದಲ್ಲಿಯೇ ಒಂದು ತಪ್ಪು ನಡೆದುಹೋಯಿತು. ತಪ್ಪು ಇಂಗ್ಲಿಷಿನದಲ್ಲ, ಆ ಪದದ್ದೂ ಅಲ್ಲ, ನನ್ನದು. ಅದನ್ನು ಅರಿಯುವುದಕ್ಕೆ ನನಗೆ ಬಹಳ ವರ್ಷಗಳು ಬೇಕಾದವು. ಮೊದಲು ಪದದ ಪರಿಚಯ ಮಾಡಿಕೊಟ್ಟು, ಆಮೇಲೆ ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ.

ಪದ ‘ರನ್’. ಇಂಗ್ಲಿಷಿನಲ್ಲಿ ಬರೆದರೆ ಮೂರೇ ಅಕ್ಷರ. ಇಂಗ್ಲಿಷ್ ಕಲಿಯಲು ತೊಡಗಿದ ಮಗುವಿಗೆ ಮೊದಲ ಕೆಲವು ವಾರಗಳಲ್ಲಿಯೇ ಪರಿಚಯವಾಗುವ ಪದ. ‘ರನ್ ಎಂದರೆ ಓಡು’ ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಇಂಗ್ಲಿಷ್ ಆಡುವ ಮನೆಯೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೊಟ್ಟು ಕುಳಿತರೆ ಈ ಪದ ಎಲ್ಲೆಲ್ಲಿ ಓಡಾಡುತ್ತದೆಂಬುದು ತಿಳಿಯುತ್ತದೆ. ನಲ್ಲಿಯ ನೀರು ‘ರನ್’ ಆಗುತ್ತದೆ. ನೆಗಡಿಯಾದ ಮಗುವಿನ ಮೂಗೂ ‘ರನ್’ ಆಗುತ್ತದೆ. ಆ ಮಗುವಿಗೆ ಮೈ ಬಿಸಿಯಾದರೆ ಅದು ಜ್ವರವನ್ನೇ ‘ರನ್’ ಮಾಡುತ್ತದೆ. ನೆನೆಹಾಕಿದ ಸೀರೆಯ ಬಣ್ಣ, ಬೀದಿಯ ಬಸ್ಸು, ಆ ಬೀದಿಯೇ, ಬೀದಿಯ ಕೊನೆಯ ಅಂಗಡಿ, ಡಬ್ಬಿಯಲ್ಲಿ ಮುಗಿದುಹೋದ ಸಕ್ಕರೆ, ತೀರದೆ ಬೆಳೆಯುವ ಸಾಲ, ಇವೆಲ್ಲಕ್ಕೂ ಅದೇ ಪದ. ಹಳೆಯ ಗೆಳೆಯ ಅಕಸ್ಮಾತ್ತಾಗಿ ಎದುರಾದರೂ ಅದು. ಬ್ಯಾಂಕಿನ ಮೇಲೆ ನಂಬಿಕೆ ಹೋಗಿ ಠೇವಣಿದಾರರು ಒಮ್ಮೆಗೇ ಮುಗಿಬಿದ್ದರೂ ಅದು. ಒಂದು ಗುಣವೋ ರೋಗವೋ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದರೆ ಅದು ಆ ಕುಟುಂಬದಲ್ಲಿ ‘ರನ್’ ಆಗುತ್ತಿದೆ ಎನ್ನುತ್ತಾರೆ.

ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ. ನೀರು ಹರಿಯುತ್ತದೆ, ಮೂಗು ಸುರಿಯುತ್ತದೆ, ಜ್ವರ ಬರುತ್ತದೆ, ಬಣ್ಣ ಬಿಡುತ್ತದೆ, ಬಸ್ಸು ಓಡುತ್ತದೆ, ಬೀದಿ ಹಾದುಹೋಗುತ್ತದೆ, ಅಂಗಡಿ ನಡೆಯುತ್ತದೆ, ಸಕ್ಕರೆ ಮುಗಿಯುತ್ತದೆ, ಸಾಲ ಬೆಳೆಯುತ್ತದೆ. ಇಂಗ್ಲಿಷಿನಲ್ಲಿ ಒಂದು ಪದ ಹೊತ್ತ ಹೊರೆಯನ್ನು ಕನ್ನಡದಲ್ಲಿ ಒಂಬತ್ತು ಪದಗಳು ಹಂಚಿಕೊಂಡಿವೆ. ಇನ್ನೊಂದು ತಮಾಷೆಯನ್ನು ಗಮನಿಸಿ. ಇಂಗ್ಲಿಷರ ಅಂಗಡಿ ಓಡುತ್ತದೆ, ನಮ್ಮದು ನಡೆಯುತ್ತದೆ. ಅಮೆರಿಕದವರು ಚುನಾವಣೆಗೆ ‘ಓಡು’ತ್ತಾರೆ, ಬ್ರಿಟನ್ನಿನವರು ನಮ್ಮಂತೆಯೇ ಚುನಾವಣೆಗೆ ‘ನಿಲ್ಲು’ತ್ತಾರೆ. ಒಂದೇ ಭಾಷೆಯನ್ನಾಡುವ ಎರಡು ದೇಶಗಳಲ್ಲಿ ಒಂದು ಓಡಿದರೆ ಇನ್ನೊಂದು ನಿಂತಿದೆ. ನಮ್ಮಲ್ಲಿ ಅಭ್ಯರ್ಥಿ ನಿಲ್ಲುವುದೇನೋ ಸರಿ. ಓಡಾಟವೆಲ್ಲ ಕಾರ್ಯಕರ್ತರ ಪಾಲಿಗೆ.

ಕ್ರಿಕೆಟ್ಟಿನ ಮಾತನ್ನು ಬಿಡುವಂತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಲೆಕ್ಕ ಇಡುವವನು ಒಂದು ಕೋಲಿನ ಮೇಲೆ ಚಾಕುವಿನಿಂದ ಕಚ್ಚು ಹಾಕುತ್ತಿದ್ದ; ಆಗ ಗಳಿಕೆಯನ್ನು ‘ನಾಚ್’, ಎಂದರೆ ಕಚ್ಚು, ಎಂದೇ ಕರೆಯುತ್ತಿದ್ದರು. ಕೋಲು ಹೋಯಿತು, ಕಚ್ಚೂ ಹೋಯಿತು, ‘ರನ್’ ಉಳಿಯಿತು. ಇಂದು ಚೆಂಡನ್ನು ಗಡಿ ದಾಟಿಸಿದವನು ಒಂದು ಹೆಜ್ಜೆಯನ್ನೂ ಕೀಳದೆ ನಿಂತಲ್ಲೇ ನಾಲ್ಕು ‘ಓಟ’ ಗಳಿಸುತ್ತಾನೆ. ಪದ ತಾನು ಹುಟ್ಟಿದ ಕ್ರಿಯೆಯನ್ನೇ ಮರೆತು ಬದುಕಬಲ್ಲುದು ಎಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಿಲ್ಲ. ನಮ್ಮ ಪತ್ರಿಕೆಗಳವರು ‘ಓಟ’ವನ್ನು ಬಳಸಿ ನೋಡಿದರು, ಜನ ‘ರನ್’ ಅನ್ನೇ ಒಪ್ಪಿಕೊಂಡರು. ಈಗ ಗಣಕಯಂತ್ರದ ಮುಂದೆ ಕುಳಿತ ಹುಡುಗರು ‘ರನ್ ಮಾಡು’ ಎನ್ನುತ್ತಾರೆ. ಪರದೇಶದ ಪದ ಬಂದೊಡನೆ ನಮ್ಮ ‘ಮಾಡು’ ಅದರ ಕೈಹಿಡಿದು ಒಳಗೆ ಕರೆದುಕೊಳ್ಳುತ್ತದೆ.

ಇಂಥ ಪದಗಳು ನಿಘಂಟುಕಾರರನ್ನು ಎಷ್ಟು ಕಾಡಿವೆ ಎಂಬುದು ಒಂದು ದೊಡ್ಡ ಕಥೆ. 1755ರಲ್ಲಿ ಸಾಮ್ಯುಯೆಲ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದಾಗ ‘ಟೇಕ್’ ಎಂಬ ಒಂದು ಕ್ರಿಯಾಪದಕ್ಕೆ 134 ಅರ್ಥಗಳನ್ನು ಕೊಟ್ಟ. ಆ ಗ್ರಂಥದ ಮುನ್ನುಡಿಯಲ್ಲಿ, ಬರು, ಹೋಗು, ಕೊಡು, ಮಾಡು, ಇಡು ಎಂಬಂಥ ಹತ್ತಾರು ಕಿರುಪದಗಳ ಅರ್ಥದ ಜಾಡು ಹಿಡಿಯುವುದು ಎಷ್ಟು ಕಷ್ಟವೆಂದು ಅವನು ತೋಡಿಕೊಂಡಿದ್ದಾನೆ. ಆ ಪಟ್ಟಿಯಲ್ಲಿ ನಮ್ಮ ‘ರನ್’ ಕೂಡ ಇದೆ. ಮುಂದೆ 1857ರಲ್ಲಿ ಇಂಗ್ಲೆಂಡಿನ ಭಾಷಾಪ್ರಿಯರು ಇನ್ನೂ ದೊಡ್ಡದೊಂದು ನಿಘಂಟಿನ ಕನಸು ಕಂಡರು. 1879ರಲ್ಲಿ ಜೇಮ್ಸ್ ಮರ್ರೆ ಅದರ ಸಂಪಾದಕತ್ವವನ್ನು ವಹಿಸಿಕೊಂಡ; ಮನೆಯ ತೋಟದಲ್ಲಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಸ್ವಯಂಸೇವಕರು ಎಲ್ಲೆಲ್ಲಿಂದಲೋ ಕಳಿಸಿದ ಚೀಟಿಗಳ ನಡುವೆ ಬದುಕು ಸವೆಸಿದ. 1884ರಲ್ಲಿ ಮೊದಲ ಕಂತು ಹೊರಬಂತು, ಮುಗಿದದ್ದು 1928ರಲ್ಲಿ. ಅಷ್ಟರಲ್ಲಿ ಮರ್ರೆ ತೀರಿಕೊಂಡು 13 ವರ್ಷಗಳಾಗಿದ್ದವು. ಅದೇ ಆಕ್ಸ್‌ಫರ್ಡ್ ನಿಘಂಟು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಅದರ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಜಾಗ ಹಿಡಿದಿದ್ದ ಪದ ‘ಸೆಟ್’. ಅದಕ್ಕೆ ಸುಮಾರು 430 ಅರ್ಥಗಳು. ಪರಿಷ್ಕರಣ ಮುಂದುವರಿದಂತೆ ಆ ಪಟ್ಟ ಕೈ ಬದಲಾಯಿಸಿ, 2011ರ ಹೊತ್ತಿಗೆ ‘ರನ್’ನ ಪಾಲಾಯಿತು. ಕ್ರಿಯಾಪದವಾಗಿ ಮಾತ್ರವೇ ಅದಕ್ಕೆ 645 ಅರ್ಥಗಳು. ಅವನ್ನು ವಿಂಗಡಿಸಿ ಜೋಡಿಸುವುದಕ್ಕೆ ಪೀಟರ್ ಗಿಲಿವರ್ ಎಂಬ ಸಂಪಾದಕರಿಗೆ ಒಂಬತ್ತು ತಿಂಗಳು ಹಿಡಿಯಿತಂತೆ.

ನಮ್ಮಲ್ಲಿ ನಾನಾರ್ಥಗಳ ಮಾತು ಹೊಸದೇನಲ್ಲ. ಅಮರಕೋಶದ ನಾನಾರ್ಥವರ್ಗದಲ್ಲಿ ‘ಹರಿ’ ಶಬ್ದಕ್ಕೆ ಯಮ, ವಾಯು, ಇಂದ್ರ, ಚಂದ್ರ, ಸೂರ್ಯ, ವಿಷ್ಣು ಮೊದಲುಗೊಂಡು ಸಿಂಹ, ಕುದುರೆ, ಗಿಳಿ, ಹಾವು, ಕೋತಿ, ಕಪ್ಪೆಗಳವರೆಗೆ ಅರ್ಥಗಳಿವೆ. ಆದರೆ ಅದು ವಿದ್ವಾಂಸರ ಸಭೆಯಲ್ಲಿ ಮೆರೆಯುವ ಸಂಪತ್ತು. ನಾನು ಹೇಳುತ್ತಿರುವ ಸಣ್ಣ ಪದಗಳ ಅರ್ಥವಾದರೋ ಅಡಿಗೆಮನೆಯಲ್ಲಿ, ಸಂತೆಯಲ್ಲಿ, ಗದ್ದೆಯ ಬದುವಿನಲ್ಲಿ ಬೆಳೆದದ್ದು. ಯಾರೂ ಅದನ್ನು ಉರುಹೊಡೆದು ಕಲಿತವರಲ್ಲ.

‘ಉರುಹೊಡೆದು’ ಎಂದೆನಲ್ಲವೆ? ಆ ‘ಹೊಡೆ’ಯನ್ನೇ ತೆಗೆದುಕೊಳ್ಳೋಣ. ನಾನು ಎಳೆಯ ಅಧ್ಯಾಪಕನಾಗಿದ್ದಾಗ, ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂಬತ್ತನ್ನು ಎದುರು ನಿಲ್ಲಿಸಿ, ‘ನೋಡಿ, ಅದು ಎಂಥ ಬಡ ಭಾಷೆ!’ ಎಂದು ತರಗತಿಯಲ್ಲಿ ಬೀಗುತ್ತಿದ್ದೆ. ಅದು ಅರ್ಧ ಸತ್ಯ. ಗೋಡೆಗೆ ಬಣ್ಣ ಹೊಡೆಯುತ್ತೇವೆ, ಮೊಳೆ ಹೊಡೆಯುತ್ತೇವೆ, ಗಂಟೆ ಹೊಡೆಯುತ್ತೇವೆ. ಬೆಳೆಗೆ ಔಷಧಿ ಹೊಡೆಯುತ್ತೇವೆ. ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುತ್ತೇವೆ, ಉಂಡ ಮೇಲೆ ನಿದ್ದೆ ಹೊಡೆಯುತ್ತೇವೆ. ಪರೀಕ್ಷೆಯಲ್ಲಿ ಕೆಲವರು ಕಾಪಿ ಹೊಡೆಯುತ್ತಾರೆ; ಬೀದಿಯಲ್ಲಿ ಪೋಲಿ ಹುಡುಗರು ಕಣ್ಣು ಹೊಡೆಯುತ್ತಾರೆ. ಹಳಸಿದ ಸಾರು ವಾಸನೆ ಹೊಡೆಯುತ್ತದೆ. ಅದೃಷ್ಟವಿದ್ದವನಿಗೆ ಲಾಟರಿ ಹೊಡೆಯುತ್ತದೆ. ಇಷ್ಟರಲ್ಲಿ ನಿಜವಾಗಿ ಪೆಟ್ಟು ತಿನ್ನುವುದು ಮೊಳೆ, ಗಂಟೆಗಳು ಮಾತ್ರ! ‘ಹಾಕು’, ‘ಹಿಡಿ’, ‘ಬೀಳು’, ‘ಬಿಡು’, ‘ಕಟ್ಟು’ ಇವುಗಳ ಸಂಸಾರವೂ ಇದಕ್ಕಿಂತ ಚಿಕ್ಕದಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ಕೋಶವನ್ನು ತೆರೆಯಿರಿ. 1995ರಲ್ಲಿ 8 ಸಂಪುಟಗಳಾಗಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತೆರೆಯಿರಿ. ಗಂಭೀರವಾದ ಸಂಸ್ಕೃತ ಸಮಾಸಗಳು ಒಂದೆರಡು ಸಾಲಿನಲ್ಲಿ ಮುಗಿಯುತ್ತವೆ. ಎರಡಕ್ಷರದ ದೇಸಿ ಧಾತುಗಳು ಅಂಕಣಗಳನ್ನೇ ತುಂಬುತ್ತವೆ. ಬಡತನವೂ ಅಲ್ಲ, ಸಿರಿತನವೂ ಅಲ್ಲ. ಇದು ಜೀವಂತ ಭಾಷೆಗಳೆಲ್ಲದರ ನಡೆ.

ಈಗ ನನ್ನ ತಪ್ಪೊಪ್ಪಿಗೆ.

1986ರ ಮಾತು. ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿದ್ದೆ. ಪದವಿ ತರಗತಿಯ ಕನ್ನಡ ಪತ್ರಿಕೆಯಲ್ಲಿ ಭಾಷಾಂತರಕ್ಕೆಂದು ಇಂಗ್ಲಿಷಿನ ಒಂದು ಗದ್ಯಖಂಡ ಇರುತ್ತಿತ್ತು. ಒಂದು ಕಿರುಪರೀಕ್ಷೆಗೆ ನಾನೇ ಅಂಥದೊಂದನ್ನು ಬರೆದು ಕೊಟ್ಟಿದ್ದೆ. ಹಳ್ಳಿಯ ವರ್ಣನೆ, ಅದರಲ್ಲಿ ಹೊಳೆಯ ಬದಿಯಲ್ಲಿ ಸಾಗುವ ರಸ್ತೆ, ಅಲ್ಲೊಂದು ಸಣ್ಣ ಅಂಗಡಿ, ಅಂಗಡಿ ನಡೆಸುವ ಒಬ್ಬ ಮುದುಕ. ರಸ್ತೆಗೂ ‘ರನ್’, ಮುದುಕನಿಗೂ ‘ರನ್’. ಹತ್ತು ಹನ್ನೆರಡು ಕಿಲೋಮೀಟರು ದೂರದ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗ ಹೀಗೆ ಬರೆದಿದ್ದ: ‘ಹೊಳೆಯ ಪಕ್ಕದಲ್ಲಿ ರಸ್ತೆಯು ಓಡುತ್ತದೆ. ಅಲ್ಲಿ ಒಬ್ಬ ಮುದುಕನು ಚಿಕ್ಕ ಅಂಗಡಿಯನ್ನು ಓಡುತ್ತಾನೆ.’

ನಾನು ಆ ಎರಡು ವಾಕ್ಯಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಹೆಸರು ಹೇಳಲಿಲ್ಲ, ಆದರೆ ಆ ಪತ್ರಿಕೆಯನ್ನು ಅವನ ಕೈಗೇ ಕೊಟ್ಟೆನಾದ್ದರಿಂದ ಹೆಸರು ಹೇಳದ ದಾಕ್ಷಿಣ್ಯಕ್ಕೆ ಅರ್ಥವಿರಲಿಲ್ಲ. ತರಗತಿ ನಕ್ಕಿತು. ನಾನೂ ನಕ್ಕೆ. ‘ಅಂಗಡಿಯನ್ನು ಓಡುವ ಮುದುಕನನ್ನು ಹಿಡಿಯುವವರು ಯಾರಪ್ಪಾ?’ ಎಂದು ಒಂದು ಮಾತನ್ನೂ ಸೇರಿಸಿದೆ. ಇನ್ನೊಂದು ಸಲ ನಗು.

ಗಂಟೆ ಹೊಡೆದ ಮೇಲೆ ಆ ಹುಡುಗ ಅಧ್ಯಾಪಕರ ಕೊಠಡಿಗೆ ಬಂದ. ಕೈಯಲ್ಲಿ ಬೆನ್ನು ಕಿತ್ತುಹೋಗಿ ದಾರದಿಂದ ಹೊಲಿದಿದ್ದ ಒಂದು ಕಿಸೆನಿಘಂಟು. ಪುಟ ತೆರೆದು, ಬೆರಳಿಟ್ಟು, ‘ಸಾರ್, ಇದರಲ್ಲಿ ಹಾಗೇ ಇದೆಯಲ್ಲ ಸಾರ್?’ ಎಂದ. ವಾದಿಸುವ ದನಿಯಲ್ಲ, ನಿಜವಾಗಿ ತಿಳಿಯಬೇಕೆಂಬ ದನಿ. ನಾನು ನೋಡಿದೆ. ‘ರನ್: ಓಡು’ ಎಂದಿತ್ತು. ಅದರ ಮುಂದೆ ಇನ್ನೊಂದೆರಡು ಅರ್ಥಗಳಿದ್ದವು. ರಸ್ತೆಗೂ ಅಂಗಡಿಗೂ ಒಗ್ಗುವಂಥದು ಯಾವುದೂ ಇರಲಿಲ್ಲ. ನಾನು ಹೇಳಿದೆ: ‘ನಿಘಂಟು ನೋಡಿದರೆ ಸಾಲದಯ್ಯ, ಸ್ವಲ್ಪ ಬುದ್ಧಿಯನ್ನೂ ಉಪಯೋಗಿಸಬೇಕು.’ ಅವನು ‘ಆಗಲಿ ಸಾರ್’ ಎಂದು ಹೋದ. ಆಮೇಲೆ ನನ್ನ ತರಗತಿಯಲ್ಲಿ ಬಾಯಿ ತೆರೆದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವರ್ಷದ ಕೊನೆಯಲ್ಲಿ ಕನ್ನಡದಲ್ಲಿ ಒಳ್ಳೆಯ ಅಂಕಗಳೇ ಬಂದವು, ಇಂಗ್ಲಿಷಿನಲ್ಲಿ ನಪಾಸಾಗಿತ್ತು. ಮರುವರ್ಷದ ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಅವನ ತಂದೆ ಎತ್ತಿನ ಗಾಡಿ ಹೊಡೆದು ಸಂತೆಗೆ ಹೇರು ಸಾಗಿಸುತ್ತಿದ್ದರೆಂದೂ ಮಗನೂ ಅದೇ ಕೆಲಸಕ್ಕೆ ನಿಂತನೆಂದೂ ಯಾರೋ ಹೇಳಿದರು.

ಒಂದು ನಗುವಿನಿಂದಲೇ ಒಬ್ಬನ ವಿದ್ಯೆ ನಿಂತುಹೋಯಿತು ಎಂದು ಹೇಳುವಷ್ಟು ನನ್ನ ಮಾತಿಗೆ ಬೆಲೆ ಕಟ್ಟಿಕೊಳ್ಳಲಾರೆ. ಮನೆಯ ಕಷ್ಟಗಳು ಇದ್ದಿರಬಹುದು. ಆದರೆ ಅಂದು ನಾನು ಅವನಿಗೆ ಕೊಡಬೇಕಾಗಿದ್ದುದನ್ನು ಕೊಡಲಿಲ್ಲ ಎಂಬುದು ನಿಶ್ಚಯ.

ಅದೇನೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ, ‘ರನ್’ ಪದದ ಹುಟ್ಟನ್ನು ಓದುತ್ತಿದ್ದಾಗ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದು ಒಂದು ಪದವಾಗಿರಲಿಲ್ಲ, ಎರಡಾಗಿತ್ತು. ಒಂದು ‘ರಿನ್ನನ್’, ತಾನೇ ಹರಿಯುವುದು, ತಾನೇ ಓಡುವುದು. ಇನ್ನೊಂದು ಅದರದೇ ಪ್ರೇರಣಾರ್ಥಕ ರೂಪ. ಎಂದರೆ ಓಡುವಂತೆ ಮಾಡುವುದು, ಓಡಿಸುವುದು. ಜರ್ಮನ್ ಭಾಷೆಯಲ್ಲಿ ಇಂದಿಗೂ ‘ರಿನ್ನೆನ್’, ‘ರೆನ್ನೆನ್’ ಎಂದು ಎರಡು ಪದಗಳಿವೆ; ಮೊದಲನೆಯದು ನೀರಿನ ಹರಿವಿಗೆ, ಎರಡನೆಯದು ಕಾಲಿನ ಓಟಕ್ಕೆ. ಇಂಗ್ಲಿಷಿನಲ್ಲಿ ಕಾಲಾಂತರದಲ್ಲಿ ಇವೆರಡೂ ಬೆರೆತು ಒಂದೇ ಆದವು. ಆದ್ದರಿಂದಲೇ ಇಂದು ಕುದುರೆ ಓಡಿದರೂ ‘ರನ್’, ಕುದುರೆಯನ್ನು ಓಡಿಸಿದರೂ ‘ರನ್’. ಅಂಗಡಿ ನಡೆದರೂ ‘ರನ್’, ಅಂಗಡಿಯನ್ನು ನಡೆಸಿದರೂ ‘ರನ್’.

ಇದನ್ನು ಓದುತ್ತಿದ್ದಂತೆ ನನಗೆ ನಮ್ಮದೇ ‘ಹರಿ’ ಧಾತು ನೆನಪಾಯಿತು. ವಿಷ್ಣುವಿನ ಹರಿಯಲ್ಲ, ಹೊಳೆಯ ಹರಿ. ಹಳಗನ್ನಡದಲ್ಲಿ ‘ಪರಿ’ ಎಂದರೆ ಓಡು, ಹರಿ. ಶಕಟರೇಫೆಯ ‘ಪಱಿ’ ಎಂದರೆ ಕತ್ತರಿಸು, ಹರಿದುಹೋಗು. ‘ಪ’ಕಾರ ‘ಹ’ಕಾರವಾಯಿತು, ಶಕಟರೇಫೆ ಬಳಕೆಯಿಂದ ಮರೆಯಾಯಿತು, ಎರಡು ಧಾತುಗಳೂ ಒಂದೇ ಉಡುಪು ತೊಟ್ಟವು. ಇಂದು ಹೊಳೆಯೂ ಹರಿಯುತ್ತದೆ, ಪಂಚೆಯೂ ಹರಿಯುತ್ತದೆ. ಯಾವ ಕನ್ನಡಿಗನಿಗೂ ಗೊಂದಲವಿಲ್ಲ. ಎರಡು ನದಿಗಳು ಕೂಡಿ ಒಂದೇ ಹೆಸರು ಹೊತ್ತು ಮುಂದೆ ಸಾಗುವಂತೆ ಪದಗಳೂ ಕೂಡುತ್ತವೆ. ಕೂಡಿದ ಜಾಗ ಆ ನಾಡಿನವರಿಗೆ ಗೊತ್ತು. ಹೊರಗಿನಿಂದ ಬಂದವನಿಗೆ ಯಾರಾದರೂ ತೋರಿಸಬೇಕು.

ಆ ಹುಡುಗ ಎಡವಿದ್ದು ಸರಿಯಾಗಿ ಆ ಜಾಗದಲ್ಲಿಯೇ. ಕನ್ನಡ ಈ ವಿಷಯದಲ್ಲಿ ಬಹಳ ಅಚ್ಚುಕಟ್ಟು. ತಾನೇ ಮಾಡುವುದಕ್ಕೂ ಮಾಡಿಸುವುದಕ್ಕೂ ನಡುವೆ ‘ಇಸು’ ಎಂಬ ಪ್ರತ್ಯಯವನ್ನು ಅದು ಕಾವಲಿಟ್ಟಿದೆ. ಓಡು, ಓಡಿಸು, ನಡೆ, ನಡೆಸು, ಹರಿ, ಹರಿಸು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಈ ಪ್ರತ್ಯಯದ ಲಕ್ಷಣ ಹೇಳಿದ್ದಾನೆ. ನಾನು ಅದನ್ನು ವರ್ಷ ವರ್ಷವೂ ಪಾಠ ಮಾಡುತ್ತಿದ್ದೆ. ಇಂಗ್ಲಿಷ್ ತನ್ನ ಆ ಗುರುತನ್ನು ಅಳಿಸಿಕೊಂಡಿದೆ. ಗುರುತಿಲ್ಲದ ಪದವನ್ನು ಕೈಗೆ ಕೊಟ್ಟು, ಕಿಸೆನಿಘಂಟು ಹೇಳಿದ ಮೊದಲ ಅರ್ಥವನ್ನು ನಂಬಿದವನನ್ನು ಬುದ್ಧಿಯಿಲ್ಲದವನೆಂದೆವು. ಅವನಿಗೆ ಬೇಕಾಗಿದ್ದುದು ಬುದ್ಧಿಯಲ್ಲ, ಒಂದು ‘ಇಸು’. ಅದು ಕನ್ನಡ ಮೇಷ್ಟರಾದ ನನ್ನ ಬಳಿಯಲ್ಲಿಯೇ ಇತ್ತು. ‘ಓಡು ಅಲ್ಲಪ್ಪ, ಓಡಿಸು, ಅಂಗಡಿಯ ವಿಷಯದಲ್ಲಿ ನಾವು ನಡೆಸು ಎನ್ನುತ್ತೇವೆ’ ಎಂದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು.

ಇನ್ನು ಅವನ ಮೊದಲ ವಾಕ್ಯ, ‘ಹೊಳೆಯ ಪಕ್ಕದಲ್ಲಿ ರಸ್ತೆಯು ಓಡುತ್ತದೆ’ ಎಂಬುದು. ಅದಕ್ಕೂ ನಾನು ಕೆಂಪು ಗೆರೆ ಎಳೆದಿದ್ದೆ. ಬಸ್ಸಿನ ಕಿಟಕಿಯ ಬಳಿ ಕುಳಿತು ಹೊಳೆಯ ದಂಡೆಯಲ್ಲಿ ಸಾಗಿದವರು ಹೇಳಲಿ, ಅದರಲ್ಲಿ ತಪ್ಪೇನಿದೆ? ಸಿನಿಮಾ ನೂರು ದಿನ ಓಡಿತು ಎನ್ನುತ್ತೇವೆ. ತಲೆಯೇ ಓಡುತ್ತಿಲ್ಲ ಎನ್ನುತ್ತೇವೆ. ಕಾಲ ಓಡಿತು ಎನ್ನುತ್ತೇವೆ. ರಸ್ತೆ ಓಡಬಾರದೆಂದು ಯಾರು ಕಟ್ಟು ಮಾಡಿದರು? ಕವಿಯೊಬ್ಬ ಬರೆದಿದ್ದರೆ ಅದನ್ನು ಲಾಕ್ಷಣಿಕ ಪ್ರಯೋಗವೆಂದು ಅರ್ಧ ಗಂಟೆ ವಿವರಿಸುತ್ತಿದ್ದೆ.

ಆ ದಿನ ನನಗೆ ಹೊಳೆಯದಿದ್ದ ಇನ್ನೊಂದು ಮಾತಿದೆ. ಅವನ ತಂದೆ ಗಾಡಿ ಹೊಡೆಯುವವರು. ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರ ಕೈಗೆ ಕನ್ನಡದ ಕಿಸೆನಿಘಂಟನ್ನು ಕೊಟ್ಟು, ‘ನಮ್ಮಪ್ಪ ಗಾಡಿ ಹೊಡೆಯುತ್ತಾರೆ’ ಎಂಬ ವಾಕ್ಯವನ್ನು ಅನುವಾದಿಸಲು ಹೇಳಿದ್ದರೆ, ಆ ಮಹನೀಯರು ಬಡಪಾಯಿ ಗಾಡಿಯನ್ನು ದೊಣ್ಣೆಯಿಂದ ಥಳಿಸುವ ಒಬ್ಬ ಹುಚ್ಚನ ಚಿತ್ರವನ್ನು ಬರೆದುಕೊಡುತ್ತಿದ್ದರು. ಆಗ ಇಡೀ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ನಗುವ ಹಕ್ಕು ಈ ಹುಡುಗನಿಗಿರುತ್ತಿತ್ತು. ಅವನು ನಗುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ‘ಹಾಗಲ್ಲ ಸಾರ್, ಗಾಡಿ ಹೊಡೆಯುವುದು ಎಂದರೆ ಹೀಗೆ’ ಎಂದು ಹೇಳಿಕೊಡುತ್ತಿದ್ದ.

ಕೇಳುಗರಲ್ಲಿ ಅಧ್ಯಾಪಕರಿದ್ದರೆ, ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಗಳಿದ್ದರೆ, ಅವರಲ್ಲಿ ನನ್ನದೊಂದು ಅರಿಕೆ. ಹಳ್ಳಿಯ ಮಕ್ಕಳು ಇಂಗ್ಲಿಷಿನ ದೊಡ್ಡ ಪದಗಳಿಗೆ ಹೆದರುತ್ತಾರೆಂದು ನಾವು ತಿಳಿದಿದ್ದೇವೆ. ಅದು ಹಾಗಲ್ಲ. ‘ಫೋಟೋಸಿಂಥೆಸಿಸ್’ ಎಂಬುದು ನಾಲಗೆಗೆ ಕಷ್ಟವಾದರೂ ಬುದ್ಧಿಗೆ ಸುಲಭ. ಅದಕ್ಕೆ ಇರುವುದು ಒಂದೇ ಅರ್ಥ, ಕನ್ನಡದಲ್ಲಿ ‘ದ್ಯುತಿಸಂಶ್ಲೇಷಣೆ’ ಎಂದು ಒಂದೇ ಜೋಡಿ. ಮಗುವನ್ನು ಬೀಳಿಸುವುದು ‘ರನ್’, ‘ಸೆಟ್’, ‘ಗೆಟ್’, ‘ಪುಟ್’ ಎಂಬ ಪುಟ್ಟ ಪದಗಳು. ಅವು ಸುಲಭವೆಂದು ಯಾರೂ ಕಲಿಸುವುದಿಲ್ಲ. ಗೊತ್ತಿಲ್ಲವೆನ್ನಲು ಮಕ್ಕಳಿಗೆ ನಾಚಿಕೆ. ಅವನ್ನು ಕಲಿಸುವುದಕ್ಕೆ ಒಳ್ಳೆಯ ಸಾಧನವೆಂದರೆ ಮಗುವಿನ ಬಾಯಲ್ಲಿ ಆಗಲೇ ಇರುವ ಕನ್ನಡದ ಪುಟ್ಟ ಪದಗಳು. ‘ಹೊಡೆ’ಗೆ ಎಷ್ಟು ಅರ್ಥ, ನೀನೇ ಹೇಳು ಎಂದು ಕೇಳಿ. ಹತ್ತು ಹೇಳುತ್ತದೆ, ಹದಿನೈದು ಹೇಳುತ್ತದೆ. ಆಮೇಲೆ ‘ರನ್’ ಕೂಡ ಅವರ ಮನೆಯ ‘ಹೊಡೆ’ ಕಣಪ್ಪಾ ಎನ್ನಿ. ಭಯ ಅರ್ಧ ಕಳೆಯುತ್ತದೆ. ತನ್ನ ಭಾಷೆಯೂ ಅಷ್ಟೇ ಆಳವಾದದ್ದೆಂಬ ಅರಿವು ಜೊತೆಗೆ ಬರುತ್ತದೆ.

ಆ ಉತ್ತರ ಪತ್ರಿಕೆ ಇಂದು ನನ್ನ ಕೈಗೆ ಮತ್ತೆ ಬಂದರೆ ರಸ್ತೆಯ ವಾಕ್ಯದ ಕೆಂಪು ಗೆರೆಯನ್ನು ಅಳಿಸಿಬಿಡುತ್ತೇನೆ. ಮುದುಕನ ವಾಕ್ಯದಲ್ಲಿ ‘ಓಡುತ್ತಾನೆ’ ಎಂಬುದನ್ನು ಹೊಡೆದುಹಾಕುವುದಿಲ್ಲ. ಅದರ ನೆತ್ತಿಯ ಮೇಲೆ ಸಣ್ಣದಾಗಿ ‘ಇಸು’ ಎಂದು ಬರೆದು, ಪೂರ್ತಿ ಅಂಕ ಕೊಡುತ್ತೇನೆ.



(ಬಾನುಲಿ ಭಾಷಣ)